ಕಾಲು ಇಂಚಿನ ಲೆಕ್ಕ: ಲಾಂಗ್‌ಆರ್ಮ್ ಯಂತ್ರದಲ್ಲಿ ಟೆಂಪ್ಲೇಟ್ ಹಿಡಿದ ನನ್ನ ಅನುಭವ

ಲಾಂಗ್‌ಆರ್ಮ್ ಅಂದರೆ ಕೌದಿ, ಕ್ವಿಲ್ಟ್ ಹೊಲಿಯುವ ಉದ್ದ ತೋಳಿನ ಯಂತ್ರ. ಅದರಲ್ಲಿ ಟೆಂಪ್ಲೇಟ್, ಅಂದರೆ ಆಕಾರ ಕತ್ತರಿಸಿದ ಅಚ್ಚು, ಇಟ್ಟು ಹೊಲಿಯುವಾಗ ಹೊಲಿಗೆ ಟೆಂಪ್ಲೇಟಿನ ಅಂಚಿನಲ್ಲಿ ಬೀಳುವುದಿಲ್ಲ. ಅಂಚಿನಿಂದ ಕಾಲು ಇಂಚು ಆಚೆ ಬೀಳುತ್ತದೆ. ಈ ಕೆಲಸದಲ್ಲಿ ನಾನು ಕಲಿತಿದ್ದರಲ್ಲಿ ಇದಕ್ಕಿಂತ ದೊಡ್ಡದು ಬೇರೆ ಇಲ್ಲ. ಮಿಕ್ಕಿದ್ದೆಲ್ಲ ಇದರ ಹಿಂದೆ ಬರುತ್ತದೆ.

ತುಮಕೂರಿನಲ್ಲಿ ನಮ್ಮ ಮನೆ ಮಹಡಿಯ ಮೇಲೆ ನನ್ನ ಯಂತ್ರ ಇದೆ. ಹಳೇ ಸೀರೆಗಳ ಕೌದಿ, ಹೊಸ ಬಟ್ಟೆಯ ಕ್ವಿಲ್ಟ್, ಎರಡನ್ನೂ ಹೊಲಿದು ಕೊಡುತ್ತೇನೆ. ಸೀರೆ ತರುವವರು ಹೆಚ್ಚಾಗಿ ಅಮ್ಮನದೋ ಅಜ್ಜಿಯದೋ ತರುತ್ತಾರೆ. ಅದಕ್ಕೆ ಕತ್ತರಿ ಹಾಕುವಾಗಲೇ ಮನಸ್ಸು ಭಾರ ಆಗುತ್ತದೆ. ಅಂಥ ಬಟ್ಟೆಯ ಮೇಲೆ ಬೀಳುವ ಹೊಲಿಗೆ ಅಂದಾಜಿನದ್ದಾಗಬಾರದು ಅನ್ನುವುದು ನನ್ನ ಹಟ.

ಈ ಯಂತ್ರ ನೋಡದವರಿಗೆ ಎರಡು ಮಾತು. ಮನೆಯ ಹೊಲಿಗೆ ಯಂತ್ರ ಒಂದು ಕಡೆ ಕೂತಿರುತ್ತದೆ, ಬಟ್ಟೆ ಸರಿಯುತ್ತದೆ. ಇಲ್ಲಿ ಉಲ್ಟಾ. ಮೇಲಿನ ಬಟ್ಟೆ, ನಡುವಿನ ಹತ್ತಿಯ ಪದರ, ಕೆಳಗಿನ ಬಟ್ಟೆ ಮೂರೂ ಫ್ರೇಮಿನ ಮೇಲೆ ಹರಡಿಕೊಂಡಿರುತ್ತವೆ. ಯಂತ್ರವೇ ಗಾಲಿಗಳ ಮೇಲೆ ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಓಡಾಡುತ್ತದೆ. ಹಿಡಿ ನಮ್ಮ ಕೈಯಲ್ಲಿ. ಕೈ ಹೋದ ಕಡೆ ಗೆರೆ. ಬಳ್ಳಿ, ಸುರುಳಿ ಇಂಥವೆಲ್ಲ ಕೈಯಲ್ಲೇ ಚೆನ್ನಾಗಿ ಬರುತ್ತವೆ. ಆದರೆ ನೇರ ಗೆರೆ, ಗುಂಡನೆಯ ವೃತ್ತ, ಒಂದೇ ಅಳತೆಯ ಎಸಳು ಬೇಕು ಅಂದರೆ ಯಂತ್ರಕ್ಕೆ ಒರಗಿಕೊಳ್ಳಲು ಏನಾದರೂ ಬೇಕು. ಅದೇ ಟೆಂಪ್ಲೇಟ್. ದಪ್ಪ ಅಕ್ರಿಲಿಕ್ ತುಂಡು. ಎಡಗೈಯಲ್ಲಿ ಅದನ್ನು ಬಟ್ಟೆಯ ಮೇಲೆ ಒತ್ತಿ ಹಿಡಿಯುತ್ತೇವೆ, ಬಲಗೈಯಲ್ಲಿ ಯಂತ್ರ ನಡೆಸುತ್ತೇವೆ. ಸೂಜಿಯ ಸುತ್ತ ಇರುವ ಗುಂಡನೆಯ ಫುಟ್ (ಬಟ್ಟೆ ಒತ್ತುವ ಪಾದ) ಟೆಂಪ್ಲೇಟಿನ ಅಂಚಿಗೆ ತಾಗಿಕೊಂಡು ಸಾಗುತ್ತದೆ.

ಆ ಫುಟ್‌ನ ಹೊರ ಅಗಲ ಅರ್ಧ ಇಂಚು. ಸೂಜಿ ಅದರ ನಟ್ಟನಡುವೆ. ಹಾಗಾಗಿ ಅಂಚಿಗೂ ಸೂಜಿಗೂ ಯಾವಾಗಲೂ ಕಾಲು ಇಂಚಿನ ಅಂತರ. ನಿಮ್ಮ ಯಂತ್ರದಲ್ಲಿ ನಿಜಕ್ಕೂ ಅಷ್ಟೇ ಇದೆಯಾ ಅಂತ ಮೊದಲು ನೋಡಿಕೊಳ್ಳಿ. 4 ಇಂಚಿನ ಚೌಕದ ಟೆಂಪ್ಲೇಟ್ ತೊಗೊಂಡು, ಬೇಡದ ಬಟ್ಟೆಯ ಮೇಲೆ ಸುತ್ತಲೂ ಹೊಲಿಯಿರಿ. ಹೊಲಿಗೆಯ ಚೌಕ ನಾಲ್ಕೂವರೆ ಇಂಚು ಬರಬೇಕು. ಟೆಂಪ್ಲೇಟ್ ತೆಗೆಯುವ ಮುಂಚೆ ಅದರ ಸುತ್ತ ಚಾಕ್‌ನಲ್ಲಿ ಗೆರೆ ಎಳೆದುಕೊಂಡರೆ ನಾಲ್ಕು ಕಡೆಯ ಅಂತರವನ್ನೂ ಅಳೆಯಬಹುದು. ಒಂದು ಕಡೆ ಜಾಸ್ತಿ, ಎದುರು ಕಡೆ ಕಡಿಮೆ ಬಂದರೆ ಫುಟ್ ನಡುವಿಗೆ ಕೂತಿಲ್ಲ ಅಂತ ಅರ್ಥ. ಅದನ್ನು ಸರಿ ಮಾಡಿಸದೆ ಮುಂದಿನ ಯಾವ ಲೆಕ್ಕವೂ ಕೂಡುವುದಿಲ್ಲ.

ಟೆಂಪ್ಲೇಟ್ ಕೆಲಸಕ್ಕೆ ಯಂತ್ರಕ್ಕೆ ಎರಡು ಜೋಡಣೆ ಬೇಕು. ಒಂದು ರೂಲರ್ ಫುಟ್, ಅಂದರೆ ಟೆಂಪ್ಲೇಟಿಗೆ ತಾಗುವ ಸುತ್ತುಗೋಡೆ ಮಾಮೂಲಿಗಿಂತ ಎತ್ತರ ಇರುವ ಫುಟ್. ಇನ್ನೊಂದು ರೂಲರ್ ಬೇಸ್. ಇದು ಸೂಜಿ ಇಳಿಯುವ ಜಾಗದ ಸುತ್ತ ಯಂತ್ರದ ಕೆಳತೋಳಿಗೆ ಕೂರುವ ಅಗಲವಾದ ತಟ್ಟೆ. ಅದಿಲ್ಲದಿದ್ದರೆ ಟೆಂಪ್ಲೇಟಿನ ಕೆಳಗೆ ಬರೀ ಜೋತ ಬಟ್ಟೆ ಇರುತ್ತದೆ. ಒತ್ತಿದ ತಕ್ಷಣ ಟೆಂಪ್ಲೇಟ್ ವಾಲುತ್ತದೆ. ವಾಲಿದ ಅಂಚಿನ ಮೇಲೆ ಫುಟ್ ಹತ್ತಿತು ಅಂದರೆ ಸೂಜಿ ಅಕ್ರಿಲಿಕ್‌ಗೆ ಹೊಡೆಯುತ್ತದೆ. ಸೂಜಿ ಮುರಿದರೆ ಚಿಂತೆ ಇಲ್ಲ. ಯಂತ್ರದ ಟೈಮಿಂಗ್, ಅಂದರೆ ಸೂಜಿಯೂ ಕೆಳಗಿನ ಕೊಕ್ಕೆಯೂ ಸೇರುವ ಹೊಂದಿಕೆ, ಜರುಗಿದರೆ ಮೆಕ್ಯಾನಿಕ್ ಬರುವ ತನಕ ಕೆಲಸ ನಿಂತ ಹಾಗೆ. ತುಮಕೂರಿನಲ್ಲಿ ಈ ಯಂತ್ರ ಬಲ್ಲ ಮೆಕ್ಯಾನಿಕ್ ಬೀದಿಗೊಬ್ಬರು ಸಿಗುವುದಿಲ್ಲ, ಅಲ್ವಾ?

ಟೆಂಪ್ಲೇಟಿನ ದಪ್ಪವೂ ಇದೇ ಕಾರಣಕ್ಕೆ ಮುಖ್ಯ. ಲಾಂಗ್‌ಆರ್ಮ್‌ಗೆ 6 ಮಿ.ಮೀ. ದಪ್ಪ ಬೇಕು. ಮನೆಯ ಯಂತ್ರಕ್ಕೆಂದು 3 ಮಿ.ಮೀ.ನವು ಸಿಗುತ್ತವೆ, ಬೆಲೆಯೂ ಕಡಿಮೆ. ಅವನ್ನು ಇಲ್ಲಿ ಬಳಸಬೇಡಿ. ನಮ್ಮ ಫುಟ್ ಪ್ರತಿ ಹೊಲಿಗೆಗೂ ಮೇಲೆ ಹಾರಿ ಇಳಿಯುತ್ತದೆ. ತೆಳು ಅಂಚಾದರೆ ಹಾರಿದಾಗ ಅದರ ಮೇಲೆಯೇ ಹೋಗಿ ಕೂರುತ್ತದೆ.

ವಿದೇಶದ ಟೆಂಪ್ಲೇಟುಗಳು ಚೆನ್ನಾಗಿರುತ್ತವೆ, ಆದರೆ ಸಾಗಣೆ, ಸುಂಕ ಎಲ್ಲ ಸೇರಿ ದುಬಾರಿ. ಅದೂ ಅಲ್ಲದೆ ನನಗೆ ಬೇಕಾದ ಮಾವಿನಕಾಯಿ ಅಂಚು, ರಂಗೋಲಿಯ ಎಂಟೆಸಳಿನ ಪದ್ಮ ಅವುಗಳಲ್ಲಿ ಎಲ್ಲಿ ಸಿಗಬೇಕು? ಹಾಗಾಗಿ ನೇರ ಪಟ್ಟಿ, ಕಮಾನುಗಳನ್ನು ಕೊಂಡೆ. ಮಿಕ್ಕಿದ್ದನ್ನು ಇಲ್ಲೇ ಸೈನ್‌ಬೋರ್ಡ್ ಮಾಡುವ ಅಂಗಡಿಯಲ್ಲಿ ಲೇಸರ್‌ನಲ್ಲಿ ಕತ್ತರಿಸಿಕೊಂಡೆ. ಅವರ ಬಳಿ ಕೋರಲ್‌ಡ್ರಾ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರ್ ಇರುತ್ತದೆ. ಹೊಲಿಗೆ ಹೇಗೆ ಬೀಳಬೇಕೋ ಆ ಗೆರೆಯನ್ನೇ ಮೊದಲು ಬರೆಯಿರಿ. ಆಮೇಲೆ ಕಾಂಟೂರ್ ಉಪಕರಣದಲ್ಲಿ ಅದನ್ನು ಕಾಲು ಇಂಚು ಒಳಕ್ಕೆ ಸರಿಸಿ. ಆ ಒಳಗಿನ ಗೆರೆಯಲ್ಲೇ ಅಕ್ರಿಲಿಕ್ ಕತ್ತರಿಸಬೇಕು. ಕಿಟಕಿಯ ಹಾಗೆ ಒಳಗೆ ತೂತು ಇರುವ ಟೆಂಪ್ಲೇಟ್ ಆದರೆ ಹೊರಕ್ಕೆ ಸರಿಸಿ. 6 ಇಂಚಿನ ಗುಂಡು ತಟ್ಟೆಯ ಹೊರಗೆ ಹೊಲಿದರೆ ಆರೂವರೆ ಇಂಚಿನ ವೃತ್ತ ಬರುತ್ತದೆ. 6 ಇಂಚಿನ ತೂತಿನ ಒಳಗೆ ಹೊಲಿದರೆ ಐದೂವರೆ. ಒಂದೇ ಅಕ್ರಿಲಿಕ್ ಹಾಳೆಯಿಂದ ಬಂದ ತಟ್ಟೆ ಮತ್ತು ತೂತು, ಹೊಲಿಗೆಯಲ್ಲಿ ಪೂರಾ ಒಂದು ಇಂಚಿನ ವ್ಯತ್ಯಾಸ.

ಅಂಗಡಿಯಲ್ಲಿ ಕೇಳುವಾಗ ಕಾಸ್ಟ್ ಅಕ್ರಿಲಿಕ್ಕೇ ಬೇಕು ಅಂತ ಹೇಳಿ. ಎಕ್ಸ್‌ಟ್ರೂಡೆಡ್ ಅಂತ ಇನ್ನೊಂದು ಬಗೆ ಬರುತ್ತದೆ. ಲೇಸರ್‌ನಲ್ಲಿ ಗೆರೆ ಕೆತ್ತಿದಾಗ ಕಾಸ್ಟ್ ಮೇಲೆ ಗೆರೆ ಬೆಳ್ಳಗೆ ಎದ್ದು ಕಾಣುತ್ತದೆ, ಇನ್ನೊಂದರ ಮೇಲೆ ಸರಿಯಾಗಿ ಕಾಣುವುದೇ ಇಲ್ಲ. ಕೆತ್ತುವ ಗೆರೆಗಳು ಟೆಂಪ್ಲೇಟಿನ ತಳಭಾಗದಲ್ಲಿ ಇರಲಿ, ಅಂದರೆ ಬಟ್ಟೆಗೆ ತಾಗುವ ಕಡೆ. ಮೇಲ್ಭಾಗದಲ್ಲಿ ಕೆತ್ತಿದರೆ ಗೆರೆಗೂ ಬಟ್ಟೆಗೂ ನಡುವೆ 6 ಮಿ.ಮೀ. ದಪ್ಪ ಇರುತ್ತದೆ. ನೀವು ಸ್ವಲ್ಪ ಓರೆ ನಿಂತು ನೋಡಿದರೂ ಗೆರೆ ಬೇರೆ ಜಾಗದಲ್ಲಿ ಕಾಣುತ್ತದೆ. ಅಂಕಿ ಕೆತ್ತಿಸುವುದಾದರೆ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಕೊಡಬೇಕು, ಆಗ ಮೇಲಿಂದ ನೇರವಾಗಿ ಓದಬಹುದು. ಅಂಗಡಿಯವರಿಗೆ ಇದನ್ನು ಬರೆದೇ ಕೊಡಿ.

ನೇರ ಗೆರೆಗಳ ಕೆಲಸದಲ್ಲಿ ಕೆತ್ತಿದ ಗೆರೆಗಳೇ ಕಣ್ಣು. ಒಂದು ಇಂಚಿಗೊಂದರಂತೆ ಸಾಲು ಬೇಕಾದರೆ ಹಿಂದಿನ ಹೊಲಿಗೆಯ ಮೇಲೆ, ಟೆಂಪ್ಲೇಟಿನ ಅಂಚಿನಿಂದ ಮುಕ್ಕಾಲು ಇಂಚಿಗೆ ಕೆತ್ತಿದ ಗೆರೆಯನ್ನು ಕೂರಿಸುತ್ತೇನೆ. ಅಂಚಿನಿಂದ ಆಚೆಯ ಕಾಲು ಇಂಚು ತಾನಾಗೇ ಸೇರಿಕೊಂಡು ಒಂದು ಇಂಚು ಆಗುತ್ತದೆ. ಸೀರೆಯ ಸೆರಗು, ಅಂಚು ಇರುವ ಕೌದಿಗಳಲ್ಲಿ ಒಂದು ಪ್ರಶ್ನೆ ಬರುತ್ತದೆ. ಉಟ್ಟು ಒಗೆದ ಸೀರೆಯ ಅಂಚು ಪೂರ್ತಿ ನೆಟ್ಟಗಿರುವುದಿಲ್ಲ. ಫ್ರೇಮಿಗೆ ಸರಿಯಾಗಿ ಹೊಲಿಯಬೇಕೋ, ಅಂಚಿಗೆ ಸರಿಯಾಗಿಯೋ? ನಾನು ಅಂಚಿಗೆ ಸರಿಯಾಗಿ ಹೊಲಿಯುತ್ತೇನೆ. ನೋಡುವವರ ಕಣ್ಣು ಹೋಗುವುದು ಅಂಚಿನ ಕಡೆಗೆ. ಜರಿಯ ಮೇಲೆ ಹೊಲಿದರೆ ಸೂಜಿಯ ಮೊನೆ ಬೇಗ ಮೊಂಡಾಗುತ್ತದೆ, ದಾರ ಸೀಳುತ್ತದೆ. ಜರಿ ಕೆಲಸ ಮುಗಿದ ಕೂಡಲೇ ಸೂಜಿ ಬದಲಾಯಿಸುತ್ತೇನೆ. ರೇಷ್ಮೆಯಲ್ಲಿ ಬಿದ್ದ ಸೂಜಿ ತೂತು ಮುಚ್ಚಿಕೊಳ್ಳುವುದಿಲ್ಲ. ಅಲ್ಲಿ ಬಿಚ್ಚಿ ಹೊಲಿಯುವ ಮಾತೇ ಇಲ್ಲ, ಪ್ರತಿ ಸಾಲಿಗೂ ಅಳತೆ ನೋಡಿಯೇ ಮುಂದೆ.

ಇನ್ನು ಎಸಳುಗಳು. ಇಲ್ಲೇ ಆ ಕಾಲು ಇಂಚು ಜಾಸ್ತಿ ಆಟ ಆಡಿಸುತ್ತದೆ. ಚೌಕದ ಒಂದು ಮೂಲೆಯಿಂದ ಪಕ್ಕದ ಮೂಲೆಗೆ ಕಮಾನು ಹೊಲಿಯುತ್ತಾ ಹೋದರೆ ಒಂದಕ್ಕೊಂದು ತಾಗಿದ ನಾಲ್ಕೆಸಳಿನ ಹೂಗಳು ಬರುತ್ತವೆ. 4 ಇಂಚಿನ ಚೌಕಕ್ಕೆ ಹೊಲಿಗೆಯ ಕಮಾನಿನ ತ್ರಿಜ್ಯ 2.83 ಇಂಚು ಇರಬೇಕು. ಅಂದರೆ ಟೆಂಪ್ಲೇಟಿನ ಉಬ್ಬು ಅಂಚಿನ ತ್ರಿಜ್ಯ 2.58. ಅದೇ ಟೆಂಪ್ಲೇಟಿನ ಎದುರು ಬದಿಯನ್ನು ಒಳಬಾಗಿಸಿ, ಅದರಲ್ಲೂ ಇದೇ ಕಮಾನು ಬರಬೇಕು ಅಂದರೆ ಅಲ್ಲಿ 3.08 ಇಡಬೇಕು. ಎರಡೂ ಬದಿಗೆ ಒಂದೇ ತ್ರಿಜ್ಯ ಕೊಟ್ಟರೆ ಹೊಲಿಗೆಯಲ್ಲಿ ಎರಡು ಬೇರೆ ಕಮಾನು ಬರುತ್ತವೆ, ಎಸಳು ಒಂದು ಕಡೆ ಹೊಟ್ಟೆ ಬಿಡುತ್ತದೆ. ಲೆಕ್ಕ ಬೇಡ ಅನ್ನುವವರು ಎಸಳಿನ ಎರಡೂ ಬದಿಗೆ ಉಬ್ಬು ಅಂಚನ್ನೇ ಬಳಸಿ.

ಚೂಪಾದ ತುದಿಯಲ್ಲಿ ಇನ್ನೊಂದು ವಿಷಯ. ಎಲೆಯ ಆಕಾರದ ಟೆಂಪ್ಲೇಟಿನ ತುದಿಯನ್ನು ಫುಟ್ ಸುತ್ತಿಕೊಂಡು ಹೋದರೆ ಹೊಲಿಗೆಯ ತುದಿ ಗುಂಡಗಾಗುತ್ತದೆ. ತುದಿ ಎಷ್ಟೇ ಚೂಪಾಗಿ ಕತ್ತರಿಸಿದರೂ ಅಷ್ಟೇ. ಹಾಗಾಗಿ ಒಂದು ಬದಿ ಹೊಲಿದು, ಎಸಳಿನ ತುದಿಗೆ ಹಾಕಿಕೊಂಡ ಗುರುತಿನಲ್ಲಿ ಸೂಜಿ ಇಳಿಸಿ ನಿಲ್ಲಿಸುತ್ತೇನೆ. ಟೆಂಪ್ಲೇಟ್ ತಿರುಗಿಸಿ ಇಟ್ಟು ಇನ್ನೊಂದು ಬದಿ ಹೊಲಿಯುತ್ತೇನೆ. ಮಾವಿನಕಾಯಿಯ ಕೊಂಕಿನ ಒಳಭಾಗದಲ್ಲಿ ಉಲ್ಟಾ ತೊಂದರೆ. ಅಲ್ಲಿ ಬಾಗು ತೀರಾ ಕಿರಿದಾದರೆ ಫುಟ್ ಒಳಗೆ ಹೋಗುವುದೇ ಇಲ್ಲ. ಕಾಲು ಇಂಚಿನ ತ್ರಿಜ್ಯಕ್ಕಿಂತ ಕಿರಿದಾದ ಒಳಬಾಗು ಟೆಂಪ್ಲೇಟಿನಲ್ಲಿ ಇರಲೇಬಾರದು. ನನ್ನ ಮಾವಿನಕಾಯಿಯ ಕೊಂಕನ್ನು ಕೊಂಚ ಸಡಿಲ ಮಾಡಿದ್ದೇನೆ. ಸುರುಳಿ ಬೇಕಾದ ಕಡೆ ಕೈಯಲ್ಲೇ ಮುಗಿಸುತ್ತೇನೆ.

ಎಂಟೆಸಳಿನ ಪದ್ಮಕ್ಕೆ ಮೊದಲು ಚಾಕ್‌ನಲ್ಲಿ 45 ಡಿಗ್ರಿಗೊಂದು ಗೆರೆ ಎಳೆದುಕೊಳ್ಳುತ್ತೇನೆ. ಟೆಂಪ್ಲೇಟಿನ ನಡುಗೆರೆ ಆ ಗೆರೆಯ ಮೇಲೆ ಕೂರಬೇಕು. ಫ್ರೇಮಿನಲ್ಲಿ ಬಟ್ಟೆ ತಿರುಗಿಸಲು ಆಗುವುದಿಲ್ಲವಲ್ಲ, ಟೆಂಪ್ಲೇಟೇ ಸುತ್ತಬೇಕು. ನಮ್ಮ ಕಡೆಯ ಎಸಳುಗಳು ಸಲೀಸು. ಆಚೆ ಕಡೆಯವನ್ನು ಹೊಲಿಯುವಾಗ ಯಂತ್ರದ ತಲೆ ಕಣ್ಣಿಗೆ ಅಡ್ಡ ಬರುತ್ತದೆ. ಅಲ್ಲಿ ಫುಟ್ ಅಂಚಿಗೆ ತಾಗಿದೆಯೋ ಇಲ್ಲವೋ ಅನ್ನುವುದನ್ನು ಕೈಗೆ ಸಿಗುವ ಒತ್ತಡದಿಂದಲೇ ತಿಳಿಯಬೇಕು. ಎಂಟು ಎಸಳಿನ ಹದಿನಾರು ಗೆರೆಗಳು ಒಂದೇ ಬಿಂದುವಿನಲ್ಲಿ ಸೇರಿದರೆ ಅಲ್ಲಿ ದಾರ ಗಂಟು ಕಟ್ಟುತ್ತದೆ. ಅದಕ್ಕೆ ನಡುವೆ ಒಂದು ಸಣ್ಣ ವೃತ್ತ ಖಾಲಿ ಬಿಟ್ಟು ಅದರ ಅಂಚಿಗೇ ಎಸಳು ಶುರು ಮಾಡುತ್ತೇನೆ. ನೋಡುವುದಕ್ಕೂ ಅದೇ ಚೆಂದ.

ಹಿಡಿಯುವ ಕೈಯ ಬಗ್ಗೆ ಹೇಳಲೇಬೇಕು. ಬೆರಳ ತುದಿಗಳನ್ನು ಟೆಂಪ್ಲೇಟಿನ ಮೇಲೆ ಅಗಲಿಸಿ ಇಡಿ. ಕಿರುಬೆರಳು ಅಂಚಿನಿಂದ ಆಚೆ, ಬಟ್ಟೆಯ ಮೇಲೆ ಊರಿರಲಿ. ಟೆಂಪ್ಲೇಟ್ ಜಾರಿದರೆ ಮೊದಲು ಗೊತ್ತಾಗುವುದು ಆ ಬೆರಳಿಗೆ. ಒಂದೇ ಹಿಡಿತದಲ್ಲಿ ಉದ್ದಕ್ಕೂ ಹೋಗಬೇಡಿ. ಫುಟ್ ನಿಮ್ಮ ಕೈ ಇರುವ ಜಾಗ ದಾಟಿತು ಅಂದರೆ ನಿಲ್ಲಿಸಿ, ಸೂಜಿ ಕೆಳಗಿರಲಿ, ಕೈ ಮುಂದೆ ಸರಿಸಿ. ತಳದಲ್ಲಿ ಜಾರದಿರಲೆಂದು ನಯವಾದ ಉಪ್ಪುಕಾಗದದ ಚೂರುಗಳನ್ನು ಅಂಟಿಸಿದ್ದೇನೆ. ರೇಷ್ಮೆಗೆ ಬೇರೆ ಟೆಂಪ್ಲೇಟ್ ಇಟ್ಟಿದ್ದೇನೆ. ಅದಕ್ಕೆ ಮೆಡಿಕಲ್ ಅಂಗಡಿಯ ಕಾಗದದ ಟೇಪು, ಎಳೆ ಕೀಳುವುದಿಲ್ಲ.

ಕೌದಿಯನ್ನು ಫ್ರೇಮಿಗೆ ತಮಟೆಯಂತೆ ಬಿಗಿಯಬೇಡಿ. ಕೆಳಗಿಂದ ಬೆರಳು ಒತ್ತಿದರೆ ಮೇಲಿನಿಂದ ಬೆರಳಿನ ಆಕಾರ ತಿಳಿಯುವಷ್ಟು ಸಡಿಲ ಇರಲಿ. ತೀರಾ ಬಿಗಿಯಾದರೆ ಟೆಂಪ್ಲೇಟ್ ಪುಟಿಯುತ್ತದೆ, ಹೊಲಿಗೆ ತಪ್ಪುತ್ತದೆ. ಹೊಲಿಗೆಯ ಉದ್ದ ಒಂದೇ ಸಮ ಇಡುವ ಸ್ಟಿಚ್ ರೆಗ್ಯುಲೇಟರ್ ಇರುವ ಯಂತ್ರವಾದರೆ, ಕೈ ನಿಂತಾಗ ಸೂಜಿಯೂ ನಿಲ್ಲುವ ಸೆಟ್ಟಿಂಗ್ ಆರಿಸಿ. ಕೈ ನಿಂತರೂ ಸೂಜಿ ಮೆಲ್ಲಗೆ ಆಡುತ್ತಲೇ ಇರುವ ಸೆಟ್ಟಿಂಗ್ ಬಳ್ಳಿ ಬಿಡಿಸಲು ಚೆನ್ನ, ಟೆಂಪ್ಲೇಟಿಗೆ ಬೇಡ. ನಾನು ಇಂಚಿಗೆ 10 ಹೊಲಿಗೆ ಇಟ್ಟುಕೊಳ್ಳುತ್ತೇನೆ. ಯಂತ್ರ ಯುಪಿಎಸ್ ಮೇಲೆ ಓಡುತ್ತದೆ. ಎಸಳಿನ ಮಧ್ಯೆ ಕರೆಂಟ್ ಹೋದರೂ ಆ ಸಾಲು ಮುಗಿಸಿ ನಿಲ್ಲಿಸಬಹುದು.

ಕಾಲು ಇಂಚಿನ ಲೆಕ್ಕವೇ ಇಲ್ಲದ ಇನ್ನೊಂದು ಬಗೆಯ ಟೆಂಪ್ಲೇಟ್ ಜೋಡಣೆಯೂ ಇದೆ. ಯಂತ್ರಕ್ಕೆ ಒಂದು ಕಡ್ಡಿ ಸಿಗಿಸುತ್ತಾರೆ, ಸ್ಟೈಲಸ್ ಅಂತ. ಯಂತ್ರದ ಹಿಂದಿನ ಮೇಜಿನ ಮೇಲೆ ವಿನ್ಯಾಸದ ಗೆರೆಯನ್ನು ಸಣ್ಣ ಕಾಲುವೆಯಂತೆ ತೋಡಿದ ಹಲಗೆ ಇಡಬೇಕು. ಕಡ್ಡಿಯ ತುದಿ ಆ ಕಾಲುವೆಯಲ್ಲಿ ಓಡಿದ ಹಾಗೇ ಸೂಜಿ ಈ ಕಡೆ ಅದೇ ಗಾತ್ರದಲ್ಲಿ ಹೊಲಿಯುತ್ತದೆ. ಇಡೀ ಕೌದಿಗೆ ಒಂದೇ ವಿನ್ಯಾಸ ಬೇಕಾದಾಗ, ಅರ್ಧವೃತ್ತಗಳ ಮೀನಿನ ಹುರುಪೆ ಇಂಥವಕ್ಕೆ, ಇದು ಬಹಳ ಸಲೀಸು. ಕಾಲುವೆ ಕಡ್ಡಿಗಿಂತ ಕೂದಲೆಳೆಯಷ್ಟು ಅಗಲ ಇರುತ್ತದೆ. ಅದಕ್ಕೆ ಶುರುವಿನಿಂದ ಕೊನೆಯ ತನಕ ಒಂದೇ ಗೋಡೆಗೆ ಒತ್ತಿಕೊಂಡೇ ಹೋಗಿ, ಇಲ್ಲದಿದ್ದರೆ ವೃತ್ತದ ಎರಡು ತುದಿ ಕೂಡುವುದಿಲ್ಲ. ಹಲಗೆ ಜಾರದಂತೆ ಕೆಳಗೆ ರಬ್ಬರ್ ಜಾಲರಿ ಹಾಸಿ. ನನ್ನ ಯಂತ್ರದ ತೋಳಿನ ಜಾಗ 18 ಇಂಚು. ಹೊಲಿದ ಕೌದಿ ಫ್ರೇಮಿನ ರೋಲರ್‌ಗೆ ಸುತ್ತಿಕೊಂಡಂತೆಲ್ಲ ಆ ಜಾಗ ಕಡಿಮೆಯಾಗುತ್ತಾ ಬರುತ್ತದೆ. ಹಾಗಾಗಿ ಹಲಗೆಯ ಎತ್ತರವನ್ನು ಕೊನೆಯ ಸಾಲಿಗೆ ಸಿಗುವ ಜಾಗ ನೋಡಿ ಆರಿಸಬೇಕು. ಬಟ್ಟೆ ಸುತ್ತಿದ ಮೇಲೆ ಹಿಂದಿನ ಸಾಲಿನ ಒಂದು ತುದಿಗೆ ಸೂಜಿ ತಂದು ನಿಲ್ಲಿಸಿ, ಕಡ್ಡಿ ಎಲ್ಲಿ ನಿಂತಿದೆಯೋ ಅಲ್ಲಿಗೆ ಹಲಗೆಯನ್ನು ಸರಿಸುತ್ತೇನೆ. ಎಡ ತುದಿ, ಬಲ ತುದಿ ಎರಡರಲ್ಲೂ ನೋಡಬೇಕು. ಈ ಕೆಲಸಕ್ಕೆ ರೂಲರ್ ಬೇಸ್ ಬಿಚ್ಚಿಡುತ್ತೇನೆ, ಇಲ್ಲದಿದ್ದರೆ ಅದು ರೋಲರ್‌ಗೆ ಹೊಡೆಯುತ್ತದೆ.

ಹೊಸದಾಗಿ ಶುರು ಮಾಡುವವರು ದೊಡ್ಡ ಸೆಟ್ ಕೊಳ್ಳಬೇಡಿ. ಒಂದು ನೇರ ಪಟ್ಟಿ, ಒಂದು ಕಮಾನು ಸಾಕು. ಉಪಯೋಗಿಸಿದ ಮೇಲೆ ಸೋಪು ನೀರಿನ ಬಟ್ಟೆಯಲ್ಲಿ ಒರೆಸಿ. ಸ್ಪಿರಿಟ್, ಥಿನ್ನರ್ ತಾಗಿಸಬೇಡಿ, ಅಕ್ರಿಲಿಕ್ಕಿನ ಅಂಚಿನಲ್ಲಿ ಸಣ್ಣ ಬಿರುಕು ಬಿಡುತ್ತವೆ. ಬಿಸಿಲಿಗೆ, ಶೀಟಿನ ಮಾಡಿನ ಕೆಳಗೆ ಇಟ್ಟರೆ ಬಾಗುತ್ತವೆ. ಪ್ರತಿ ಕೌದಿ ಶುರು ಮಾಡುವ ಮುಂಚೆ ಅಂಚಿನ ಮೇಲೆ ಉಗುರು ಎಳೆದು ನೋಡಿ. ಎಲ್ಲಾದರೂ ಉಗುರು ಸಿಕ್ಕಿಕೊಂಡರೆ ಅಲ್ಲಿ ನೀರಿನ ಉಪ್ಪುಕಾಗದದಲ್ಲಿ ಉಜ್ಜಿ ನಯ ಮಾಡಿಕೊಂಡೇ ಹೊಲಿಯಲು ಶುರು ಮಾಡಿ.