ಪೋಖರಾ ಯೋಗ ಶಿಬಿರ, ಮುಕ್ತಿನಾಥ ಯಾತ್ರೆ: ಹೊರಡುವವರಿಗೆ

ಉಡುಪಿ, ಮಂಗಳೂರಿನಿಂದ ನೇಪಾಳಕ್ಕೆ ಹೊರಡುವ ಹಿರಿಯರ ಗಮನಕ್ಕೆ. ಭಾರತೀಯರಿಗೆ ವೀಸಾ ಬೇಡ, ನಿಜ. ಆದರೆ ವಿಮಾನದಲ್ಲಿ ಹೋಗುವುದಾದರೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿಯ ಮೂಲ ಪ್ರತಿ ಕೈಯಲ್ಲಿರಲಿ. ಆಧಾರ್ ಒಂದನ್ನೇ ನಂಬಬೇಡಿ. ಮಂಗಳೂರಿನಿಂದ ಕಾಠ್ಮಂಡುವಿಗೆ ನೇರ ವಿಮಾನವಿಲ್ಲ, ಬೆಂಗಳೂರು ಅಥವಾ ದೆಹಲಿಯಲ್ಲಿ ಬದಲಿಸಬೇಕು.

ಮುಖ್ಯ ವಿಷಯ ಎತ್ತರದ್ದು. ನಾವು ಕಡಲ ಮಟ್ಟದಲ್ಲಿ ಬೆಳೆದವರು. ಪೋಖರಾ ಸುಮಾರು 800 ಮೀಟರ್, ಮುಕ್ತಿನಾಥದ ದಾರಿಯಲ್ಲಿ ಸಿಗುವ ಜೋಮ್ಸೋಮ್ ಸುಮಾರು 2,700, ಮುಕ್ತಿನಾಥ 3,700ಕ್ಕೂ ಮೇಲೆ. ಆದ್ದರಿಂದ ಯೋಗ ಶಿಬಿರವನ್ನು ಮೊದಲು ಪೋಖರಾದಲ್ಲಿ ಮುಗಿಸಿ, ಜೋಮ್ಸೋಮಿನಲ್ಲಿ ಒಂದು ರಾತ್ರಿಯಾದರೂ ತಂಗಿ ಮೇಲೇರಿ. ನಿತ್ಯ ಪ್ರಾಣಾಯಾಮ ಮಾಡುವವರಿಗೆ ಏನೂ ಆಗದು ಎಂಬ ಮಾತು ಬರೀ ಭ್ರಮೆ. ತಲೆನೋವು, ವಾಕರಿಕೆ ಶುರುವಾದರೆ ಇನ್ನೂ ಮೇಲೆ ಹೋಗಬೇಡಿ. ಹೆಚ್ಚಾದರೆ ಕೂಡಲೇ ಕೆಳಗಿಳಿಯಿರಿ. ಬಿಪಿ, ಹೃದಯದ ತೊಂದರೆ ಇದ್ದವರು ಟಿಕೆಟ್‌ಗಿಂತ ಮೊದಲು ವೈದ್ಯರನ್ನು ಕಾಣಿ. ಮುಕ್ತಿನಾಥದ 108 ಧಾರೆಗಳ ನೀರು ಮೈ ಕೊರೆಯುತ್ತದೆ. ಪ್ರೋಕ್ಷಣೆ ಮಾಡಿಕೊಂಡರೂ ಪುಣ್ಯಕ್ಕೆ ಕೊರತೆಯಿಲ್ಲ ಎಂದು ನನ್ನ ಲೆಕ್ಕ!

ಜೋಮ್ಸೋಮಿಗೆ ವಿಮಾನ ಹಾರುವುದು ಬೆಳಗ್ಗೆಯೇ. ಹೊತ್ತು ಏರಿದಂತೆ ಕಾಳಿ ಗಂಡಕಿ ಕಣಿವೆಯಲ್ಲಿ ಗಾಳಿ ಜೋರು. ಹವೆ ಕೆಟ್ಟರೆ ರದ್ದಾಗುತ್ತದೆ, ಒಂದೆರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ.

ನೂರರ ನೋಟುಗಳನ್ನು ಒಯ್ಯಿರಿ. ನಮ್ಮ 100 ರೂಪಾಯಿಗೆ ಅಲ್ಲಿಯ 160. ಪಶುಪತಿನಾಥದಲ್ಲಿ ಪೂಜೆ ಮಾಡುವ ಭಟ್ಟರು ಕರ್ನಾಟಕ ಮೂಲದವರು. ಹಾಗೆಯೇ, ಪೂಜೆಗೆಂದು ಒಣ ಕೊಬ್ಬರಿಯನ್ನು ಚೆಕ್-ಇನ್ ಬ್ಯಾಗಿಗೆ ತುಂಬಬೇಡಿ. ಬೇಗ ಬೆಂಕಿ ಹಿಡಿಯುವ ವಸ್ತುವೆಂದು ವಿಮಾನ ನಿಲ್ದಾಣದಲ್ಲೇ ತೆಗೆಸುತ್ತಾರೆ.