ಕೇಳಿದ್ದು ತಿಳಿಯಿತೇ, ಓದಿದ್ದು ತಿಳಿಯಿತೇ: ಪಿಯುಸಿ ತರಗತಿಯಲ್ಲಿ ನಾನು ಪರೀಕ್ಷಿಸಿದ ಬಗೆ

ಉಡುಪಿಯ ಪದವಿಪೂರ್ವ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುವ ನಾನು, ಮಕ್ಕಳ ಆಲಿಸುವ ಮತ್ತು ಓದುವ ಸಾಮರ್ಥ್ಯವನ್ನು ಬರವಣಿಗೆಯಿಂದ ಬೇರ್ಪಡಿಸಿ ಅಳೆಯಬೇಕೆಂದು ತೀರ್ಮಾನಿಸಿದ್ದು ಒಂದು ಉತ್ತರಪತ್ರಿಕೆಯನ್ನು ನೋಡಿದ ಮೇಲೆ. ರೈಲು ನಿಲ್ದಾಣದ ಪ್ರಕಟಣೆಯ ಮಾದರಿಯಲ್ಲಿ ನಾನೇ ಬರೆದು, ಸಹೋದ್ಯೋಗಿಯೊಬ್ಬರಿಂದ ಓದಿಸಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡ ಇಂಗ್ಲಿಷ್ ಮಾತನ್ನು ಪ್ರಥಮ ಪಿಯುಸಿ ಮಕ್ಕಳಿಗೆ ಕೇಳಿಸಿದ್ದೆ. ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನ 12620 ಎಂಬ ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ಹೇಳಿ, ಗಾಡಿ ಐವತ್ತು ನಿಮಿಷ ತಡವಾಗಿ ಬರುತ್ತದೆ, ಪ್ಲಾಟ್‌ಫಾರ್ಮ್ ಬದಲಾಗಿದೆ ಎಂದು ತಿಳಿಸುವ ಪ್ರಕಟಣೆ ಅದು. ಉತ್ತರವನ್ನು ಇಂಗ್ಲಿಷಿನಲ್ಲಿ, ಪೂರ್ಣ ವಾಕ್ಯದಲ್ಲಿ ಬರೆಯಬೇಕೆಂಬುದು ನನ್ನ ನಿಯಮ. ಕನ್ನಡ ಮಾಧ್ಯಮದಿಂದ ಬಂದ ಹುಡುಗನೊಬ್ಬ ಇಂಗ್ಲಿಷ್ ವಾಕ್ಯವನ್ನು ಮೂರು ಸಲ ಬರೆದು ಮೂರೂ ಸಲ ಹೊಡೆದುಹಾಕಿ, ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ "50 ನಿಮಿಷ ಲೇಟು, 2ನೇ ಪ್ಲಾಟ್‌ಫಾರ್ಮ್" ಎಂದು ಬರೆದುಕೊಂಡಿದ್ದ. ಅವನಿಗೆ ಎಲ್ಲವೂ ಸರಿಯಾಗಿಯೇ ಕೇಳಿಸಿತ್ತು. ನಾನು ಕೊಟ್ಟಿದ್ದ ಅಂಕ ಮಾತ್ರ ಸೊನ್ನೆ.

ಅಂದಿನಿಂದ ಆಲಿಸುವ ಪರೀಕ್ಷೆಯಲ್ಲಿ ಗುರುತು ಹಾಕುವುದು, ಅಂಕಿ ಬರೆಯುವುದು, ಒಂದೆರಡು ಪದಗಳಲ್ಲಿ ಉತ್ತರಿಸುವುದು, ಬೇಕಿದ್ದರೆ ಕನ್ನಡದಲ್ಲೇ ಬರೆಯುವುದು ಎಲ್ಲಕ್ಕೂ ಅವಕಾಶವಿದೆ. ಕಾಗುಣಿತದ ತಪ್ಪಿಗೆ ಅಂಕ ಕಡಿತವಿಲ್ಲ. ಐಇಎಲ್‌ಟಿಎಸ್ ಎಂಬ ಅಂತರರಾಷ್ಟ್ರೀಯ ಇಂಗ್ಲಿಷ್ ಪರೀಕ್ಷೆಯಲ್ಲಿ ಧ್ವನಿಮುದ್ರಿಕೆಯನ್ನು ಒಮ್ಮೆ ಮಾತ್ರ ಕೇಳಿಸುತ್ತಾರಾದರೂ ನಾನು ಎರಡು ಸಲ ಕೇಳಿಸುತ್ತೇನೆ. ಪ್ರಶ್ನೆಗಳನ್ನು ಮೊದಲೇ ಓದಲು ಸಮಯ ಕೊಡುತ್ತೇನೆ, ಏಕೆಂದರೆ ನೆನಪಿನ ಶಕ್ತಿಯನ್ನು ಅಳೆಯುವುದು ನನ್ನ ಉದ್ದೇಶವಲ್ಲ. ತಪ್ಪುಗಳೂ ಆಗ ನಿಚ್ಚಳವಾಗಿ ಕಾಣತೊಡಗಿದವು. 'ಫಿಫ್ಟಿ' ಎಂದದ್ದನ್ನು ಹಲವರು 15 ಎಂದು ಬರೆದಿದ್ದರು. ಇಂಗ್ಲಿಷಿನಲ್ಲಿ 'ಫಿಫ್ಟಿ'ಯ ಮೊದಲ ಅಕ್ಷರಕ್ಕೆ ಒತ್ತು ಬಿದ್ದರೆ 'ಫಿಫ್ಟೀನ್'ನಲ್ಲಿ ಸಾಮಾನ್ಯವಾಗಿ ಎರಡನೆಯದಕ್ಕೆ ಬೀಳುತ್ತದೆ; ಕನ್ನಡ, ತುಳುಗಳಲ್ಲಿ ಹೀಗೆ ಉಸಿರಿನ ಒತ್ತಿನಿಂದ ಪದದ ಅರ್ಥ ಬದಲಾಗುವುದಿಲ್ಲವಾದ್ದರಿಂದ ನಮ್ಮ ಮಕ್ಕಳ ಕಿವಿ ಅದಕ್ಕೆ ಪಳಗಿರುವುದಿಲ್ಲ. ಇದು ತಿಳಿದ ಮೇಲೆ ಏನನ್ನು ಕಲಿಸಬೇಕೆಂಬುದು ನನಗೆ ಸ್ಪಷ್ಟವಾಯಿತು.

ಆಟಿ ತಿಂಗಳ ಮಳೆಯಲ್ಲಿ, ಶೀಟು ಹೊದೆಸಿದ ಮಾಡಿನ ಕೆಳಗೆ ಒಮ್ಮೆ ಈ ಪರೀಕ್ಷೆ ನಡೆಸಿದಾಗ ಹಿಂದಿನ ಬೆಂಚುಗಳ ಅಂಕಗಳು ಒಟ್ಟಿಗೆ ಕುಸಿದವು. ಆ ಅಂಕಗಳನ್ನು ರದ್ದುಮಾಡಿ, ಗ್ರಂಥಾಲಯದಲ್ಲಿ ಇಪ್ಪತ್ತು ಇಪ್ಪತ್ತು ಮಕ್ಕಳ ತಂಡಗಳಿಗೆ ಮತ್ತೆ ನಡೆಸಿದೆ.

ಓದಿನ ಪರೀಕ್ಷೆಯಲ್ಲಿ ಎದುರಾದ ತೊಡಕು ಬೇರೆಯೇ. ಪರಿಚಿತ ವಿಷಯವಿರಲಿ ಎಂದು, ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಯಾಂತ್ರೀಕೃತ ಮೀನುಗಾರಿಕೆ ನಿಷೇಧದ ಬಗ್ಗೆ ಗದ್ಯಭಾಗ ಕೊಟ್ಟಿದ್ದೆ. ಮಲ್ಪೆಯ ಮಕ್ಕಳೆಲ್ಲ ಚೆನ್ನಾಗಿ ಬರೆದರು. ಸಂಶಯ ಬಂದು, ಅದೇ ಪ್ರಶ್ನೆಗಳನ್ನು ಗದ್ಯಭಾಗವಿಲ್ಲದೆ ಇನ್ನೊಂದು ತರಗತಿಗೆ ಕೊಟ್ಟು ನೋಡಿದರೆ, ಅಲ್ಲಿನ ಮೀನುಗಾರರ ಮನೆಯ ಮಕ್ಕಳು ಎಂಟರಲ್ಲಿ ಆರಕ್ಕೆ ಸರಿಯುತ್ತರ ಕೊಟ್ಟರು. ನಾನು ಪರೀಕ್ಷಿಸಿದ್ದು ಅವರ ಮನೆಯ ತಿಳಿವಳಿಕೆಯನ್ನೇ ಹೊರತು ಇಂಗ್ಲಿಷ್ ಓದನ್ನಲ್ಲ. ಈಗ ಯಾವುದೇ ಗದ್ಯಭಾಗವನ್ನು ಬಳಸುವ ಮುನ್ನ ಹೀಗೆ ಬರಿಯ ಪ್ರಶ್ನೆಗಳನ್ನು ಕೊಟ್ಟು ನೋಡುತ್ತೇನೆ. ಓದದೆಯೇ ಉತ್ತರಿಸಬಹುದಾದ ಪ್ರಶ್ನೆಯನ್ನು ತೆಗೆದುಹಾಕುತ್ತೇನೆ.

ಪ್ರಶ್ನೆಯಲ್ಲಿರುವ ಪದವನ್ನು ಗದ್ಯದಲ್ಲಿ ಹುಡುಕಿ, ಆ ಸಾಲನ್ನೇ ಎತ್ತಿ ಬರೆಯುವ ಅಭ್ಯಾಸ ಇನ್ನೂ ಗಟ್ಟಿಯಾಗಿ ಬೇರೂರಿದೆ. ಅದನ್ನು ಮೀರಿಸಲು ಕಳೆದ ಸಲ ನಾರ್ವೆಯ ಸ್ವಾಲ್ಬಾರ್ಡ್‌ನಲ್ಲಿ 2008ರಲ್ಲಿ ಆರಂಭವಾದ ಬೀಜ ಭಂಡಾರದ ಬಗ್ಗೆ ಗದ್ಯಭಾಗ ಬರೆದೆ. ಬೀಜಗಳನ್ನು ಮೈನಸ್ 18 ಡಿಗ್ರಿಯಲ್ಲಿಡುತ್ತಾರೆ ಎಂಬುದು ಒಂದು ಪ್ಯಾರಾದಲ್ಲಿ, ಸುತ್ತಲಿನ ನೆಲ ಸದಾ ಹೆಪ್ಪುಗಟ್ಟಿರುತ್ತದೆ ಎಂಬುದು ಇನ್ನೊಂದರಲ್ಲಿ. ಕರೆಂಟು ಹೋದರೂ ಬೀಜಗಳು ತಕ್ಷಣ ಕೆಡುವುದಿಲ್ಲವೇಕೆ ಎಂಬುದು ಪ್ರಶ್ನೆ. ಎರಡನ್ನೂ ಜೋಡಿಸಿದವರಿಗೆ ಮಾತ್ರ ಉತ್ತರ ಸಿಗುತ್ತದೆ, ಎತ್ತಿ ಬರೆಯಲು ಅಲ್ಲಿ ಸಾಲೇ ಇಲ್ಲ. ಪೆನ್ಸಿಲಿನಲ್ಲಿ ಬರೆದುಕೊಂಡಿದ್ದ ಆ ಹುಡುಗ ಇದಕ್ಕೆ ಕನ್ನಡದಲ್ಲಿ ಒಂದೂವರೆ ಸಾಲಿನ ಸರಿಯುತ್ತರ ಬರೆದ. ಈ ಸಲ ಪೆನ್ನಿನಲ್ಲಿ, ಉತ್ತರದ ಜಾಗದಲ್ಲಿಯೇ.