ಜೇಡಿಮಣ್ಣಿನ ಮೇಲೆ ಕೃತಕ ಹುಲ್ಲು: ಮೊದಲು ನೀರಿಗೆ ದಾರಿ ಮಾಡಿ

ಕೃತಕ ಹುಲ್ಲಿನ ಅಡಿಭಾಗದಲ್ಲಿ ನೀರಿಳಿಯಲು ತೂತುಗಳಿರುತ್ತವೆ, ನಿಜ. ಇಳಿದ ನೀರು ಆಮೇಲೆ ಎಲ್ಲಿಗೆ ಹೋಗಬೇಕು? ಜೇಡಿಮಣ್ಣು ಅದನ್ನು ಬೇಗ ಇಂಗಿಸಿಕೊಳ್ಳದು. ಹಾಸಿನಡಿಯ ಜಲ್ಲಿಗೆಂದು ಅಗೆದ ಗುಂಡಿಯೇ ತೊಟ್ಟಿಯಾಗುತ್ತದೆ. ಮಣ್ಣು ನೆನೆದು ಉಬ್ಬಿ, ಒಣಗಿ ಬಿರಿದು, ಹಾಸು ಅಲೆಅಲೆಯಾಗುತ್ತದೆ.

ಮೊದಲು ಪರೀಕ್ಷೆ. ಒಂದಡಿ ಗುಂಡಿ ತೋಡಿ ನೀರು ತುಂಬಿ. ಇಂಗಿದ ಮೇಲೆ ಮತ್ತೊಮ್ಮೆ ತುಂಬಿ ಅಳೆಯಿರಿ. ಗಂಟೆಗೆ 1 ಸೆಂ.ಮೀ. ಕೂಡ ಇಳಿಯದಿದ್ದರೆ ನೀರು ಹೊರಹೋಗಲು ಪೈಪು ಹಾಕಲೇಬೇಕು.

ಮಣ್ಣು ಒಣಗಿರುವಾಗ ಹುಲ್ಲು ಹಾಸುವ ಜಾಗವನ್ನೆಲ್ಲ 15 ಸೆಂ.ಮೀ. ಅಗೆಯಿರಿ. ಹಸಿ ಜೇಡಿಯನ್ನು ತುಳಿದರೆ ಅದು ಮೆತ್ತಿಕೊಂಡು ಇದ್ದಬದ್ದ ಸಂದುಗಳೂ ಮುಚ್ಚುತ್ತವೆ. ಗುಂಡಿಯ ತಳಕ್ಕೇ ಗೋಡೆಯಿಂದ ಆಚೆಗೆ ಮೀಟರಿಗೆ 1ರಿಂದ 1.5 ಸೆಂ.ಮೀ. ಇಳಿಜಾರು ಕೊಡಿ. ಅದನ್ನು ಮೇಲಿನ ಪದರದಲ್ಲಿ ಸರಿಮಾಡುತ್ತೇವೆಂದರೆ ಆಗದು, ನೀರು ಹರಿಯುವುದು ಜೇಡಿಯ ಮೇಲೆ. 10 ಚದರ ಮೀಟರಿಗೆ ಅಗೆದ ಮಣ್ಣು ಸಡಿಲಗೊಂಡು ಸುಮಾರು 2 ಘನ ಮೀಟರ್ ಆಗುತ್ತದೆ. ಸಾಗಿಸುವ ಏರ್ಪಾಡು ಮೊದಲೇ ಇರಲಿ.

ತಗ್ಗಿನ ಅಂಚಿನಲ್ಲಿ 30 ಸೆಂ.ಮೀ. ಅಗಲ, ಅಷ್ಟೇ ಆಳದ ಕಾಲುವೆ ತೋಡಿ. ಅದಕ್ಕೂ ಇಡೀ ತಳಕ್ಕೂ ನೇಯದ ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ) ಹಾಸಿ, ತುಂಡುಗಳ ಅಂಚು ಒಂದರ ಮೇಲೊಂದು 30 ಸೆಂ.ಮೀ. ಬರುವಂತೆ. ಇದಿಲ್ಲದಿದ್ದರೆ ಕಾಲ್ತುಳಿತಕ್ಕೆ ಜಲ್ಲಿ ಕೆಸರಿಗೆ ಇಳಿದು, ಕೆಸರು ಮೇಲೇರುತ್ತದೆ. ಪ್ಲಾಸ್ಟಿಕ್ ಹಾಳೆ ಮಾತ್ರ ಬೇಡ. ಕಾಲುವೆಯಲ್ಲಿ 5 ಸೆಂ.ಮೀ. ಜಲ್ಲಿಯ ಮೇಲೆ 100 ಮಿ.ಮೀ. ತೂತಿನ ಪೈಪು ಕೂರಿಸಿ, ಜಲ್ಲಿಯಿಂದಲೇ ಮುಚ್ಚಿ. ಅದರ ಬಾಯಿ ಮಳೆನೀರಿನ ಚರಂಡಿಗೆ ಹೋಗಲಿ. ಅದೇ ಜೇಡಿಯಲ್ಲಿ ಇಂಗುಗುಂಡಿ ತೋಡಿದರೆ ಸಮಸ್ಯೆ ಜಾಗ ಬದಲಿಸುತ್ತದೆ, ಅಷ್ಟೆ.

ಅಂಚಿಗೆ ಮರುಬಳಕೆಯ ಪ್ಲಾಸ್ಟಿಕ್ ಹಲಗೆ ನಿಲ್ಲಿಸಿ. ಜಲ್ಲಿಯಲ್ಲಿ ಮೊಳೆ ಹಿಡಿಯುವುದಿಲ್ಲ, ಹಾಸನ್ನು ಹಲಗೆಗೇ ಹೊಡೆಯಬೇಕು. ಬಳಿಕ ಪುಡಿಯಿಲ್ಲದ 20 ಮಿ.ಮೀ. ಜಲ್ಲಿಯನ್ನು ಎರಡು ಪದರವಾಗಿ ಒಟ್ಟು 10 ಸೆಂ.ಮೀ. ಹಾಕಿ, ಪ್ರತಿ ಪದರಕ್ಕೂ ದಮ್ಮಸು ಮಾಡಿ. ಮೇಲೆ 2.5 ಸೆಂ.ಮೀ. ಸಣ್ಣ ಜಲ್ಲಿ, 6 ಮಿ.ಮೀ. ಒಳಗಿನದು. 10 ಚದರ ಮೀಟರಿಗೆ ದಪ್ಪ ಜಲ್ಲಿ 1.1, ಸಣ್ಣದು 0.25 ಘನ ಮೀಟರ್ ಬೇಕು. ಕಲ್ಲುಪುಡಿ ಕನ್ನಡಿಯಂತೆ ಸಮತಟ್ಟಾಗುತ್ತದೆ, ಕೆಲಸಗಾರರಿಗೆ ಅದೇ ಇಷ್ಟ. ಆದರೆ ನೀರು ಹಿಡಿದಿಟ್ಟುಕೊಳ್ಳುತ್ತದೆ, ಇಲ್ಲಿಗೆ ಬೇಡ.

ಹುಲ್ಲು ಹಾಸುವ ಮುನ್ನ ಜಲ್ಲಿಯ ಮೇಲೆ ನೀರು ಬಿಟ್ಟು ನೋಡಿ, ತಗ್ಗು ಕಂಡಲ್ಲಿ ಸರಿಮಾಡಿ. ಸುರುಳಿ ಬಿಚ್ಚಿ ಒಂದೆರಡು ಗಂಟೆ ಬಿಸಿಲಿಗೆ ಬಿಡಿ. ಎಳೆಗಳೆಲ್ಲ ಒಂದೇ ಕಡೆ ಬಾಗಿರಲಿ. ಜೋಡಣೆಯ ಕೆಳಗೆ ಪಟ್ಟಿ ಇಟ್ಟು, ಒಣ ದಿನದಲ್ಲಿ ಅಂಟು ಹಾಕಿ. ಕೊನೆಗೆ ಚದರ ಮೀಟರಿಗೆ 5ರಿಂದ 8 ಕೆ.ಜಿ. ಒಣ ಸಿಲಿಕಾ ಮರಳು ಉದುರಿಸಿ ಪೊರಕೆಯಾಡಿಸಿ.

ಮೊದಲ ಜೋರುಮಳೆಗೆ ಪೈಪಿನ ಬಾಯಿ ಗಮನಿಸಿ. ಆರಂಭದಲ್ಲಿ ನೀರು ಕದಡಿದ್ದು ತಿಳಿಯಾದರೆ ಸರಿ. ಕೆಸರು ಬರುತ್ತಲೇ ಇದ್ದರೆ ಬಟ್ಟೆ ಎಲ್ಲೋ ಬಿಟ್ಟುಕೊಂಡಿದೆ.